ಆಗಬೋಟಿಗೆ ಎಷ್ಟು ಮುಂಚೆ?

ಹಾರವಾಡದ ನಮ್ಮ ಸೋದರತ್ತೆಯ ಮನೆಯಲ್ಲಿ ಇತ್ತೀಚೆಗೆ ಒಂದು ವಾದ ಹುಟ್ಟಿತು. ಅತ್ತೆಗೆ ಈಗ ಎಂಬತ್ತನಾಲ್ಕು ವರ್ಷ. ಹಾರವಾಡದಲ್ಲಿಯೇ ಹುಟ್ಟಿ, ಹಾರವಾಡಕ್ಕೇ ಕೊಟ್ಟ ಹೆಣ್ಣು. ದಿನವೂ ಸಮುದ್ರದ ಸಪ್ಪಳ ಕೇಳುತ್ತ ಮಲಗಿದವರಾದರೂ ಹಡಗನ್ನು ಒಮ್ಮೆಯೂ ಹತ್ತಿದವರಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮೊಮ್ಮಗಳು ಈ ಕೊರತೆಯನ್ನು ನೀಗಬೇಕೆಂದು ಮನಸ್ಸು ಮಾಡಿ, ಮುಂಬಯಿಯಿಂದ ಹೊರಡುವ ವಿಹಾರದ ಹಡಗಿಗೆ ಮೂರು ರಾತ್ರಿಯ ಟಿಕೆಟು ಕೊಂಡಳು. ಅಕ್ಟೋಬರದ ಒಂದು ಶುಕ್ರವಾರ ಸಂಜೆ ಐದು ಗಂಟೆಗೆ ಹಡಗು ಬಿಡತಕ್ಕದ್ದು.

ಮೊಮ್ಮಗಳ ಲೆಕ್ಕ ಸರಳವಾದದ್ದು. ಗುರುವಾರ ಸಂಜೆ ಕಾರವಾರದಲ್ಲಿ ರೈಲು ಹತ್ತಿದರೆ ಶುಕ್ರವಾರ ಬೆಳಗಾಗುವಷ್ಟರಲ್ಲಿ ಕುರ್ಲಾ. ಮುಖ ತೊಳೆದು ತಿಂಡಿ ತಿಂದು ಹೊರಟರೂ ಮಧ್ಯಾಹ್ನದೊಳಗೆ ಬಂದರು. ಅತ್ತೆಯವರ ಲೆಕ್ಕ ಅದಕ್ಕಿಂತಲೂ ಸರಳ: ಮಂಗಳವಾರವೇ ಮನೆ ಬಿಡಬೇಕು.

“ಮೂರು ದಿನ ಮುಂಚೆ ಹೋಗಿ ಧಕ್ಕೆಯ ಮೇಲೆ ಚಾಪೆ ಹಾಸಿ ಮಲಗುವುದೇನಜ್ಜಿ?” ಎಂದು ಹುಡುಗಿ ನಕ್ಕಳಂತೆ. ಅತ್ತೆ ನಗಲಿಲ್ಲ. ನ್ಯಾಯ ನನ್ನ ಬಳಿಗೆ ಬಂತು.

ಅತ್ತೆ ಏಕೆ ನಗಲಿಲ್ಲವೆಂಬುದು ನನಗೆ ಗೊತ್ತು, ಹುಡುಗಿಗೆ ಗೊತ್ತಿರಲಿಲ್ಲ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಕನ್ನಡ ನಾಡು ಒಂದಾಗುವವರೆಗೂ ಅಲ್ಲಿಯೇ ಇತ್ತು. ಹೀಗಾಗಿ ಕಾರವಾರ, ಅಂಕೋಲೆ, ಕುಮಟೆಗಳ ಓದಿದ ಹುಡುಗರಿಗೆ ‘ಊರು ಬಿಡುವುದು’ ಎಂದರೆ ಬೊಂಬಾಯಿಗೆ ಹೋಗುವುದು ಎಂದೇ ಅರ್ಥ. ಹೋಗುವ ದಾರಿ ಸಮುದ್ರ. ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ರೈಲು ಹಿಡಿಯುವುದೂ ಒಂದು ದಾರಿಯೇ. ಆದರೆ ಅದು ಕೈಯಲ್ಲಿ ಕಾಸಿದ್ದವರ ದಾರಿ. ಉಳಿದವರಿಗೆ ಆಗಬೋಟಿ. ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗುಗಳು ಕರಾವಳಿಯುದ್ದಕ್ಕೂ ಬಂದರು ಬಂದರಿನಲ್ಲಿ ನಿಂತು ಜನವನ್ನೂ ಸರಕನ್ನೂ ಹೊತ್ತು ಸಾಗುತ್ತಿದ್ದವು. ಚುಟುಕುಗಳಿಂದ ಮನೆಮಾತಾದ ಅಂಕೋಲೆಯ ದಿನಕರ ದೇಸಾಯಿಯವರು 1940ರಲ್ಲಿ ಹಡಗು ಕಾರ್ಮಿಕರನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಬರೆದರೆಂಬುದು ಅವರ ಚುಟುಕುಗಳನ್ನು ಬಾಯಿಪಾಠ ಮಾಡಿದ ಎಷ್ಟೋ ಜನಕ್ಕೆ ತಿಳಿದಿಲ್ಲ. ಆ ತಾಲೂಕಿನ ಮನುಷ್ಯನಿಗೆ ಹಡಗು ಅಷ್ಟು ಹತ್ತಿರದ ಸಂಗತಿಯಾಗಿತ್ತು.

ಈ ಆಗಬೋಟಿಗಳಿಗೆ ಎರಡು ಗುಣಗಳಿದ್ದವು. ಮಳೆಗಾಲ ಹಿಡಿಯಿತೆಂದರೆ ಅವು ಬರುತ್ತಿರಲಿಲ್ಲ. ಮತ್ತೆ ಸಮುದ್ರ ತಣಿಯುವವರೆಗೆ ನಾಲ್ಕು ತಿಂಗಳು ಬಾಗಿಲು ಮುಚ್ಚಿದಂತೆಯೇ. ಎರಡನೆಯದಾಗಿ, ಅವು ದಂಡೆಗೆ ತಾಗಿ ನಿಲ್ಲುತ್ತಿರಲಿಲ್ಲ. ದೂರದಲ್ಲಿ ಲಂಗರು ಹಾಕಿ ನಿಂತ ಹಡಗಿಗೆ ಜನರನ್ನು ಮಚವೆಗಳಲ್ಲಿ ತುಂಬಿ ಒಯ್ಯುತ್ತಿದ್ದರು. ಹಡಗಿನ ವೇಳೆ ಒಂದು, ಮಚವೆಯ ವೇಳೆ ಇನ್ನೊಂದು. ತಿಳಿದವರು ಮಚವೆಯ ವೇಳೆಯನ್ನು ಕೇಳಿಕೊಂಡು ಹೊರಡುತ್ತಿದ್ದರು.

ನಮ್ಮ ಅಜ್ಜ ಹಡಗಿನ ವೇಳೆಯನ್ನು ಕೇಳಿಕೊಂಡು ಹೊರಟರು. ಅದು 1947ರ ಮೇ ತಿಂಗಳು. ಆ ವರ್ಷದ ಕಟ್ಟಕಡೆಯ ಆಗಬೋಟಿ. ಬೊಂಬಾಯಿಯ ಒಂದು ಪೇಢಿಯಲ್ಲಿ ಗುಮಾಸ್ತೆಯ ಕೆಲಸ ಗೊತ್ತಾಗಿತ್ತು. ಇಂಥ ದಿನ ಹಾಜರಾಗತಕ್ಕದ್ದೆಂದು ಕಾಗದ ಬಂದಿತ್ತು. ಹಾರವಾಡದಿಂದ ಕಾರವಾರಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಎತ್ತಿನ ಗಾಡಿ ಬಿಣಗಾದ ಘಟ್ಟ ಹತ್ತಿ ಇಳಿಯಬೇಕು. ಹೊರಡುವ ಹೊತ್ತಿಗೆ ಆರು ವರ್ಷದ ಮಗಳು ಅಪ್ಪನ ಕೋಟು ಹಿಡಿದುಕೊಂಡು ಅಳತೊಡಗಿದಳು. ಸಮಾಧಾನ ಮಾಡಿ, ಮಡಿಲಲ್ಲಿ ಮಲಗಿಸಿ, ನಿದ್ದೆ ಹತ್ತಿದ ಮೇಲೆ ಎದ್ದರೆ ಮುಕ್ಕಾಲು ಗಂಟೆ ಮೀರಿತ್ತು. ಅಜ್ಜ ಧಕ್ಕೆಗೆ ಬಂದಾಗ ಹಡಗು ಹೋಗಿರಲಿಲ್ಲ. ಕಣ್ಣೆದುರಿಗೇ ಹೊಗೆ ಬಿಡುತ್ತ ನಿಂತಿತ್ತು. ಕೊನೆಯ ಮಚವೆ ಹೋಗಿಬಿಟ್ಟಿತ್ತು, ಅಷ್ಟೆ. ಕಾಲು ಗಂಟೆ ಅವರು ಅದನ್ನು ನೋಡುತ್ತ ನಿಂತರಂತೆ.

ಸಾಲ ಮಾಡಿ, ಹುಬ್ಬಳ್ಳಿಯ ದಾರಿಯಿಂದ ಹೋದರು. ತಲಪುವಾಗ ನಾಲ್ಕು ದಿನ ತಡವಾಗಿತ್ತು. ಕುರ್ಚಿಯಲ್ಲಿ ಇನ್ನೊಬ್ಬ ಕುಳಿತಿದ್ದ. ಹಿಂದಿರುಗಿ ಬಂದು ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದರು. ಅವರಾಗಿ ಯಾರನ್ನೂ ಆಡಿಕೊಂಡವರಲ್ಲ. ಆದರೆ ಮನೆಯಲ್ಲಿ ಕೈ ಮುಗ್ಗಟ್ಟಾದಾಗಲೆಲ್ಲ ಅಜ್ಜಿ, “ಆ ದಿವಸ ಬೋಟಿ ತಪ್ಪದೆ ಇದ್ದಿದ್ದರೆ” ಎಂದು ಶುರು ಮಾಡುತ್ತಿದ್ದರು. ಬೋಟಿ ಏಕೆ ತಪ್ಪಿತೆಂಬುದನ್ನು ಅವರು ಹೇಳದಿದ್ದರೂ ಅತ್ತೆ ಕೇಳಿಸಿಕೊಳ್ಳುತ್ತಿದ್ದರು.

ಮಂಗಳವಾರ ಹೊರಡಬೇಕೆಂಬ ಹಟದ ಹಿನ್ನೆಲೆ ಇದು. ಆದರೂ ಹಿನ್ನೆಲೆಯಿದ್ದ ಮಾತ್ರಕ್ಕೆ ಹಟ ಸರಿಯೆಂದಾಗುವುದಿಲ್ಲ. ನ್ಯಾಯ ಹೇಳುವವನು ಇಂದಿನ ಸಂಗತಿಯನ್ನೂ ನೋಡಬೇಕು.

ಮುಂಬಯಿ–ಗೋವೆಯ ನಡುವಿನ ಹಡಗು ಸಂಚಾರವೂ 1980ರ ದಶಕದಲ್ಲಿ ನಿಂತುಹೋಯಿತು. 1998ರ ಜನವರಿ 26ರಿಂದ ಕೊಂಕಣ ರೈಲು ಉದ್ದಕ್ಕೂ ಓಡುತ್ತಿದೆ. ಹಾರವಾಡಕ್ಕೂ ಒಂದು ಪುಟ್ಟ ನಿಲ್ದಾಣ ಬಂದಿದೆ. ಮುಂಬಯಿಯ ಗಾಡಿ ಹತ್ತುವವರು ಮಾತ್ರ ಅಂಕೋಲೆಗೋ ಕಾರವಾರದ ಶಿರವಾಡ ನಿಲ್ದಾಣಕ್ಕೋ ಹೋಗಬೇಕು. ಒಂದು ರಾತ್ರಿಯ ಪ್ರಯಾಣ. ಮೊಮ್ಮಗಳ ಲೆಕ್ಕದಲ್ಲಿ ಕೂಡುವುದು ಕಳೆಯುವುದು ತಪ್ಪಿಲ್ಲ.

ತಪ್ಪಿರುವುದು ಬೇರೆ ಕಡೆ. ರೈಲಿನ ವೇಳಾಪಟ್ಟಿಯೆಂಬುದು ರೈಲು ಓಡಿದರೆ ಯಾವಾಗ ಮುಟ್ಟುತ್ತದೆಂದು ಹೇಳುತ್ತದೆಯೇ ಹೊರತು, ಓಡುವುದೆಂದು ಆಣೆ ಇಡುವುದಿಲ್ಲ. 2024ರ ಮಳೆಗಾಲವನ್ನು ನೆನೆದುಕೊಳ್ಳಿ. ಜುಲೈ 9 ಮತ್ತು 10ರಂದು ಗೋವೆಯ ಪೆಡಣೆಯ ಸುರಂಗದೊಳಗೆ ನೀರು ಉಕ್ಕಿ ರೈಲುಗಳು ನಿಂತವು. 14ರಂದು ರತ್ನಾಗಿರಿ ಜಿಲ್ಲೆಯ ಖೇಡದ ಬಳಿ ಹಳಿಯ ಮೇಲೆ ಮಣ್ಣು ಕುಸಿದು ಮತ್ತೆ ನಿಂತವು. 16ರ ಬೆಳಿಗ್ಗೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಬಿದ್ದು ಗಂಗಾವಳಿಗೆ ಜಾರಿತು, ಜೀವಗಳು ಹೋದವು, ದಾರಿ ಹಲವು ದಿನ ಮುಚ್ಚಿತು. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿದ್ದಿತು. ನೀರಿಗೆ ಬಿದ್ದ ಲಾರಿಯ ಚಾಲಕನು ಬದುಕಿದ್ದೇ ದೊಡ್ಡದು. ತೆಂಕಣ ದಾರಿ, ಬಡಗಣ ದಾರಿ, ರೈಲಿನ ದಾರಿ, ಮೂರಕ್ಕೂ ಒಂದೇ ತಿಂಗಳೊಳಗೆ ಪೆಟ್ಟು. ಹಾರವಾಡದ ಮನುಷ್ಯ ಕರಾವಳಿಯ ಗುಂಟ ದೂರ ಹೊರಟರೆ ಇವುಗಳಲ್ಲಿ ಒಂದನ್ನು ದಾಟಬೇಕಾಗುತ್ತದೆ.

ವಿಹಾರದ ಹಡಗುಗಳು ಜೋರುಮಳೆಯ ತಿಂಗಳುಗಳನ್ನು ಬಿಟ್ಟು ಬರುತ್ತವೆ, ನಿಜ. ಆದರೆ ಕೊಂಕಣ ರೈಲಿನ ಮಳೆಗಾಲದ ವೇಳಾಪಟ್ಟಿ, ಅಂದರೆ ಗಾಡಿಗಳನ್ನು ನಿಧಾನವಾಗಿ ಓಡಿಸುವ ಕಾಲ, ಜೂನಿನಿಂದ ಅಕ್ಟೋಬರದವರೆಗೂ ಚಾಚುತ್ತದೆ. ಹಡಗು ಹೊರಡುವುದು ಅಕ್ಟೋಬರದಲ್ಲಿ. ಹುಡುಗಿ ಬೆಂಗಳೂರಿನ ಹವೆಯನ್ನು ನೋಡಿ ಲೆಕ್ಕ ಹಾಕಿದ್ದಳು.

“ಐದೋ ಹತ್ತೋ ನಿಮಿಷ ತಡವಾದರೆ ಕಾಯುವುದಿಲ್ಲವೇ? ಸಾವಿರಾರು ರೂಪಾಯಿ ಕೊಟ್ಟಿದ್ದೇವೆ” ಎನ್ನುವವರುಂಟು. ಕಾಯುವುದಿಲ್ಲ. ಹಡಗಿನ ಕಪ್ತಾನನು ತನ್ನ ಮನಸ್ಸಿನಂತೆ ಹೊರಡುವವನಲ್ಲ. ಬಂದರಿನಿಂದ ಹಡಗನ್ನು ಹೊರಗೆ ದಾಟಿಸಲು ಬಂದರಿನವರದೇ ಪೈಲಟ್ ಬರಬೇಕು. ಎಳೆಯುವ ಟಗ್ ದೋಣಿಗಳು ಬರಬೇಕು. ಖಾಲಿಯಾಗುವ ಜಾಗಕ್ಕೆ ಇನ್ನೊಂದು ಹಡಗು ಹೊರಗೆ ನಿಂತಿರುತ್ತದೆ. ಇವುಗಳ ಮೇಲೆ ಉಬ್ಬರ ಇಳಿತಗಳ ಆಳಿಕೆ. ಕಾರವಾರದಲ್ಲಿ ಸಮುದ್ರ ಎರಡು ಮೀಟರಿನಷ್ಟು ಏರಿಳಿದರೆ, ಮುಂಬಯಿಯಲ್ಲಿ ದೊಡ್ಡ ಉಬ್ಬರದ ದಿನ ನಾಲ್ಕು ಮೀಟರನ್ನೂ ಮೀರುತ್ತದೆ. ಇಷ್ಟಲ್ಲದೆ ಹಡಗಿನಲ್ಲಿ ಯಾರು ಯಾರಿದ್ದಾರೆಂಬ ಪಟ್ಟಿಯನ್ನು ಹೊರಡುವ ಮೊದಲೇ ಅಧಿಕಾರಿಗಳಿಗೆ ಒಪ್ಪಿಸಬೇಕು. ಅದಕ್ಕಾಗಿ ಹಡಗು ಬಿಡುವುದಕ್ಕೆ ಗಂಟೆ ಒಂದೂವರೆ ಗಂಟೆ ಮೊದಲೇ ಬಾಗಿಲು ಮುಚ್ಚುವುದು ವಾಡಿಕೆ. ಟಿಕೆಟಿನಲ್ಲಿ ದೊಡ್ಡ ಅಕ್ಷರದಲ್ಲಿರುವುದು ಹಡಗಿನ ವೇಳೆ. ಸಣ್ಣ ಅಕ್ಷರದಲ್ಲಿರುವುದು ಮಚವೆಯ ವೇಳೆ. ಕನ್ನಡಕ ಹಾಕಿಕೊಂಡು ಓದಬೇಕಾದದ್ದು ಸಣ್ಣ ಅಕ್ಷರವನ್ನೇ.

2024ರ ಮಾರ್ಚ್ ಕೊನೆಯಲ್ಲಿ ಆಫ್ರಿಕದ ಸಾವೋ ತೋಮೆ ಎಂಬ ದ್ವೀಪದಲ್ಲಿ ನಡೆದ ಸಂಗತಿಯನ್ನು ಪತ್ರಿಕೆಗಳಲ್ಲಿ ಓದಿದಾಗ ನನಗೆ ನಮ್ಮ ಅಜ್ಜನೇ ಕಣ್ಣಿಗೆ ಕಟ್ಟಿದರು. ದ್ವೀಪವನ್ನು ನೋಡಲು ಇಳಿದ ಎಂಟು ಪ್ರವಾಸಿಗಳು ತಡವಾಗಿ ದಂಡೆಗೆ ಬಂದರು. ದೂರದಲ್ಲಿ ಲಂಗರು ಹಾಕಿದ್ದ ಹಡಗು ಎದುರಿಗೇ ಕಾಣುತ್ತಿತ್ತು. ಜನರನ್ನು ಒಯ್ಯುವ ದೋಣಿಗಳು ಹೋಗಿಬಿಟ್ಟಿದ್ದವು. ಅಲ್ಲಿಯ ಕಾವಲು ಪಡೆಯವರು ತಮ್ಮ ದೋಣಿಯಲ್ಲಿ ಕೂಡಿಸಿಕೊಂಡು ಹಡಗಿನ ಪಕ್ಕಕ್ಕೇ ಒಯ್ದರೂ ಹತ್ತಿಸಿಕೊಳ್ಳಲಿಲ್ಲ. ಅವರು ದೇಶ ದೇಶಗಳನ್ನು ದಾಟಿಕೊಂಡು ಮುಂದಿನ ಬಂದರಾದ ಗ್ಯಾಂಬಿಯಕ್ಕೆ ಹೋದರೆ, ಇಳಿತದ ದೆಸೆಯಿಂದ ಹಡಗು ಅಲ್ಲಿಗೆ ಬರಲೇ ಇಲ್ಲ. ಕಡೆಗೆ ಸೆನೆಗಾಲಿನಲ್ಲಿ ಅದನ್ನು ಕೂಡಿಕೊಂಡರು. ಹಡಗಿನಿಂದ ನಡುವೆ ಇಳಿದು ಊರು ನೋಡುವವರು, ‘ಸಂಜೆ ಇಷ್ಟು ಗಂಟೆಗೆ’ ಎಂದು ಹೇಳಿದ್ದನ್ನು ಬಂದರಿಗೆ ಮರಳುವ ವೇಳೆಯೆಂದು ತಿಳಿಯದೆ, ಹಡಗಿನೊಳಗೆ ಕಾಲಿಡುವ ವೇಳೆಯೆಂದೇ ತಿಳಿಯುವುದು ಕ್ಷೇಮ.

ಹಾಗಾದರೆ ಅತ್ತೆಯೇ ಸರಿಯೇ? ಅರ್ಧ ಸರಿ. ಅವರ ಮನಸ್ಸಿನಲ್ಲಿರುವುದು ಹಳೆಯ ಧಕ್ಕೆ. ಅಲ್ಲಿ ಮುಂಚೆ ಬಂದವನಿಗೆ ಮೊದಲ ಮಚವೆ, ಹಡಗಿನ ಅಟ್ಟದ ಮೇಲೆ ಗಾಳಿ ಬರುವ ಕಡೆ ಚಾಪೆ ಹಾಸುವ ಜಾಗ. ಇಂದಿನ ಬಂದರಿನಲ್ಲಿ ಮುಂಚೆ ಬಂದವನಿಗೆ ಸಿಕ್ಕುವುದು ಬಿಸಿಲು. ಹೆಸರು ದಾಖಲಿಸುವಾಗಲೇ ಇಂಥ ಗಂಟೆಯಿಂದ ಇಂಥ ಗಂಟೆಯೊಳಗೆ ಬರತಕ್ಕದ್ದೆಂದು ಗೊತ್ತುಮಾಡಿರುತ್ತಾರೆ. ಅದಕ್ಕೆ ಮೊದಲು ಹೋದರೆ ಪೆಟ್ಟಿಗೆಯ ಮೇಲೆ ಕುಳಿತು ಕಾಯಬೇಕಾದೀತು. ವಯಸ್ಸಾದವರಿಗೆ ಅದು ಶಿಕ್ಷೆ. ಊರಿಗೆ ಮುಂಚೆ ಹೋಗಬೇಕು, ಬಾಗಿಲಿಗೆ ಹೊತ್ತಿಗೆ ಹೋಗಬೇಕು. ಇವೆರಡನ್ನೂ ಒಂದೇ ಎಂದು ಎಣಿಸಿದ್ದರಿಂದಲೇ ಅಜ್ಜಿ ಮೊಮ್ಮಗಳ ವಾದ ಬೆಳೆದದ್ದು.

ಊರಿಗೆ ಎಷ್ಟು ಮುಂಚೆ? ಒಂದು ದಾರಿ ಕಟ್ಟಿದರೆ ಇನ್ನೊಂದನ್ನು ಹಿಡಿದು ತಲಪುವಷ್ಟು. ಹಾರವಾಡದಿಂದ ರೈಲು ನಿಂತರೆ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಯ ಮೇಲೆ ಬಸ್ಸಿನಲ್ಲಿ ಮುಂಬಯಿಗೆ ಹೋಗಲು ಒಂದು ಹಗಲು ಒಂದು ರಾತ್ರಿ ಬೇಕು. ಆದುದರಿಂದ ಮಳೆ ಇನ್ನೂ ಕಾಲು ತೆಗೆಯದ ಅಕ್ಟೋಬರದಲ್ಲಿ ಎರಡು ರಾತ್ರಿ ಮುಂಚೆ. ಡಿಸೆಂಬರದಿಂದಾಚೆ ಒಂದು ರಾತ್ರಿ ಸಾಕು. ಗೋವೆಯ ಮುರಗಾವಿನಿಂದಲೇ ಹಡಗು ಹತ್ತುವವರಾದರೆ ಒಣಹವೆಯಲ್ಲಿ ಅದೇ ದಿನ ನಸುಕಿನಲ್ಲಿ ಹೊರಟರೂ ನಡೆದೀತು. ವಸತಿಗೃಹದ ಒಂದೆರಡು ರಾತ್ರಿಯ ಬಾಡಿಗೆ ದುಡ್ಡು ದಂಡವೆಂದು ತೋರುವುದು ಸಹಜ. ಹಡಗು ತಪ್ಪಿಸಿಕೊಂಡವರಿಗೆ ಟಿಕೆಟಿನ ಹಣ ಮರಳುವುದು ಅಪರೂಪವೆಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಪ್ರಯಾಣದ ವಿಮೆ ಮಾಡಿಸುವವರು ‘ಹಡಗು ತಪ್ಪಿದರೆ’ ಎಂಬ ಮಾತು ಅದರಲ್ಲಿದೆಯೇ ಎಂದು ಕೇಳಿಕೊಳ್ಳಲಿ.

ಬಾಡಿಗೆ ಉಳಿಸಲು ನೆಂಟರ ಮನೆಯಲ್ಲಿ ಇಳಿಯುವುದನ್ನು ಕುರಿತು ಒಂದು ಮಾತು. ಡೊಂಬಿವಲಿಯ ನೆಂಟರು ದೇವರಂಥವರು; ಅವರ ಪ್ರೀತಿಯೇ ಅಪಾಯ. ಹೊರಡುವ ದಿನ ಊಟ ಮಾಡದೆ ಕಳಿಸುವುದಿಲ್ಲ, ಊಟಕ್ಕೆ ಪಾಯಸ, ಪಾಯಸವಾದ ಮೇಲೆ ಕುಂಕುಮ, ಉಡಿ ತುಂಬುವುದು, ಅಷ್ಟರಲ್ಲಿ ಮಹಡಿಯ ಮನೆಯವರು ಮಾತಾಡಿಸಲು ಬರುತ್ತಾರೆ. ಅಲ್ಲಿಂದ ಬಂದರು ಹತ್ತಿರವೂ ಅಲ್ಲ. ನೆಂಟರನ್ನು ಹಿಂದಿರುಗುವಾಗ ಕಾಣುವುದು ಮೇಲು.

ಇನ್ನು ಪೆಟ್ಟಿಗೆ. ಬಾಗಿಲಲ್ಲಿ ಒಪ್ಪಿಸಿದ ಪೆಟ್ಟಿಗೆ ಹಡಗಿನ ಕೋಣೆಗೆ ಬರಲು ಗಂಟೆಗಳು ಹಿಡಿಯಬಹುದು. ಔಷಧದ ಗುಳಿಗೆ, ಕನ್ನಡಕ, ಗುರುತಿನ ಚೀಟಿ, ಒಂದು ಸೀರೆ ಕೈಚೀಲದಲ್ಲಿರಲಿ. ಗುರುತಿನ ಚೀಟಿಯ ಹೆಸರಿಗೂ ಟಿಕೆಟಿನ ಹೆಸರಿಗೂ ಹೊಂದಿಕೆಯುಂಟೇ ಎಂದು ಮನೆಯಲ್ಲಿಯೇ ನೋಡಿಕೊಳ್ಳಬೇಕು. ನಮ್ಮ ಅತ್ತೆಗೆ ತವರಿನ ಹೆಸರು ಒಂದು, ಮದುವೆಯಲ್ಲಿ ಇಟ್ಟ ಹೆಸರು ಇನ್ನೊಂದು. ಮೊಮ್ಮಗಳು ಟಿಕೆಟಿನಲ್ಲಿ ಬರೆಸಿದ್ದು ಓಣಿಯವರೆಲ್ಲ ಕರೆಯುವ ಮೂರನೆಯ ಹೆಸರನ್ನು. ಅದನ್ನು ತಿದ್ದಿಸಲು ಒಂದು ವಾರ ಹಿಡಿಯಿತು.

ನಾನು ಬುಧವಾರವೆಂದು ತೀರ್ಪು ಕೊಟ್ಟೆ. ಇಬ್ಬರಿಗೂ ಪೂರ್ತಿ ಸಮಾಧಾನವಾಗಲಿಲ್ಲ. ಹುಡುಗಿಗೆ ಒಂದು ದಿನದ ರಜೆ ಹೋಯಿತು. ಅತ್ತೆ ಮಾತ್ರ ಫೋನಿನಲ್ಲಿ, “ಬುಧವಾರ ಹೊರಟರೆ ಗುರುವಾರ ಪೂರಾ ಕೈಯಲ್ಲಿ ಇರುತ್ತದಲ್ಲ ತಮ್ಮಾ?” ಎಂದು ಮೂರು ಸಲ ಕೇಳಿದರು. ಇರುತ್ತದೆ ಅತ್ತೆ, ಎಂದೆ.

ಬುಧವಾರ ಸಂಜೆ ಕಾರವಾರಕ್ಕೆ ಗಾಡಿ ಬಂದದ್ದು ಒಂದು ಗಂಟೆ ತಡವಾಗಿ. ಕುರ್ಲಾ ಮುಟ್ಟುವಾಗ ಅದು ಮೂರು ಗಂಟೆಯಾಗಿತ್ತು. ಶುಕ್ರವಾರ ಹಡಗಿಗೆ ಅವರಿಗೆ ಗೊತ್ತುಮಾಡಿದ್ದ ವೇಳೆ ಮಧ್ಯಾಹ್ನ ಒಂದು ಗಂಟೆ. ಅತ್ತೆ ಬೆಳಗಿನ ನಾಲ್ಕಕ್ಕೆ ಎದ್ದು ಮಿಂದು ಸೀರೆಯುಟ್ಟು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರಂತೆ. ಮೂರೂವರೆಗೆ ಹಡಗಿನಿಂದಲೇ ನನಗೆ ಫೋನು ಮಾಡಿದರು. “ಒಳಗೆ ಬಂದು ಕೂತಿದ್ದೇನೆ. ಹಡಗು ಇನ್ನೂ ಕಟ್ಟಿಯೇ ಇದೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಕೆಳಗೆ ಇನ್ನೂ ಜನ ಬರುತ್ತಾ ಇದ್ದಾರೆ. ಒಬ್ಬ ಮಗುವನ್ನು ಎತ್ತಿಕೊಂಡು ಓಡಿ ಬಂದ. ಅವನನ್ನು ಒಳಗೆ ಬಿಟ್ಟರು” ಎಂದರು.