ಯಮುನಕ್ಕನೂ ಫಣಿಯಮ್ಮನೂ

ಹುಡುಗರು ಬರೆದ ಪ್ರಬಂಧಗಳನ್ನು ತಿದ್ದುವ ಮೇಷ್ಟರಿಗೆ ಸಮಾಜದ ಮನಸ್ಸು ತಿಳಿಯುವಷ್ಟು ಬೇರೆಯವರಿಗೆ ತಿಳಿಯಲಾರದು. ‘ಫಣಿಯಮ್ಮ ತ್ಯಾಗಮೂರ್ತಿ, ಯಮುನಕ್ಕ ಕಾಲುಜಾರಿದವಳು’ ಎಂಬ ವಾಕ್ಯವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಹುಡುಗರನ್ನು ದೂರಿ ಫಲವಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಜಗಲಿಗಳಲ್ಲಿ ಹಿರಿಯರು ಆಡುವ ಮಾತೇ ಅದು. ನಮ್ಮ ವಿಮರ್ಶಕರಲ್ಲಿ ಕೆಲವರು ಸಭೆಗಳಲ್ಲಿ ಸ್ವಲ್ಪ ಸಂಸ್ಕೃತ ಬೆರೆಸಿ ಹೇಳುವುದೂ ಅದನ್ನೇ. ಆ ಮಾತು ತಪ್ಪೆಂಬುದು ನನ್ನ ವಾದ.

ಇಬ್ಬರೂ ನಮ್ಮ ಸೀಮೆಯವರೇ. ಯಮುನಕ್ಕ ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯವಳು. 1977ರಲ್ಲಿ ಗಿರೀಶ ಕಾಸರವಳ್ಳಿಯವರು ಅದನ್ನು ಚಲಚ್ಚಿತ್ರ ಮಾಡಿದ ಮೇಲೆ ನಾಡೆಲ್ಲ ಕಂಡವಳು. ಫಣಿಯಮ್ಮ, 1976ರಲ್ಲಿ ಹೊರಬಂದ ಎಂ. ಕೆ. ಇಂದಿರಾ ಅವರ ಕಾದಂಬರಿಯ ನಾಯಕಿ.

ಯಮುನಕ್ಕ ವಿಧವೆ, ವೇದಪಾಠ ಹೇಳುವ ಉಡುಪರ ಮಗಳು. ಬಸಿರಾದಳು. ಬದುಕಿರುವ ಮಗಳಿಗೆ ಹೆತ್ತ ತಂದೆಯೇ ಶ್ರಾದ್ಧ ಮಾಡಿದರು. ಅವಳ ನೋವಿನ ಬಳಿ ನಿಂತವನು ನಾಣಿಯೆಂಬ ಸಣ್ಣ ಹುಡುಗ. ಅವನದು ಆ ನೋವು ಪೂರ್ತಿ ಅರ್ಥವಾಗುವ ವಯಸ್ಸಲ್ಲ. ಅರ್ಥವಾಗಬೇಕಾದ ವಯಸ್ಸಿನವರು ಕೈಬಿಟ್ಟರು. ಫಣಿಯಮ್ಮನಾದರೋ ಸಂಸಾರವೆಂದರೇನೆಂದು ತಿಳಿಯುವ ಮೊದಲೇ ಗಂಡನನ್ನು ಕಳೆದುಕೊಂಡವಳು. ತಲೆ ಬೋಳಿಸಿಕೊಂಡು ನೂರು ವರ್ಷ ಮೀರಿ ಬಾಳಿದಳು. ಅವಳ ತಾಳ್ಮೆಗೆ ಊರು ಕೈಮುಗಿಯಿತು. ಆದರೆ ನಿನಗೇನು ಬೇಕಾಗಿತ್ತು ತಾಯಿ, ಎಂದು ಅವಳನ್ನು ಕೇಳಿದವರು ಯಾರು? ಒಬ್ಬಳನ್ನು ಶಪಿಸಿ ಹೊರಗಿಟ್ಟೆವು, ಇನ್ನೊಬ್ಬಳನ್ನು ಪೂಜಿಸಿ ದೂರವಿಟ್ಟೆವು.

‘ಹಾಗಾದರೆ ಸಂಯಮಕ್ಕೆ ಬೆಲೆಯೇ ಇಲ್ಲವೆ?’ ಎಂದು ಕೇಳುವವರುಂಟು. ಇದೆ. ಆದರೆ ಆ ಬೆಲೆ ಕಟ್ಟುವ ಹಕ್ಕು ಅದನ್ನು ಬಾಳಿದವಳದು. ಫಣಿಯಮ್ಮ ಏನು ಬೆಲೆ ಕಟ್ಟಿದಳೆಂಬುದನ್ನು ಕಾದಂಬರಿಯಲ್ಲೇ ನೋಡಬಹುದು. ದಾಕ್ಷಾಯಣಿಯೆಂಬ ಎಳೆಯ ವಿಧವೆ ತಾನು ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಹಠ ಹಿಡಿದಾಗ, ನಾನು ಸಹಿಸಲಿಲ್ಲವೆ, ನೀನೂ ಸಹಿಸು ಎಂದು ಈ ಮುದುಕಿ ಬುದ್ಧಿ ಹೇಳಲಿಲ್ಲ. ಹುಡುಗಿಯ ಪಕ್ಷ ವಹಿಸಿದಳು. ತನ್ನ ಬಾಳು ಇನ್ನೊಬ್ಬಳಿಗೆ ಕಟ್ಟಳೆಯಾಗಬಾರದೆಂದು ಬಗೆದ ಅಂಥವಳ ಹೆಸರು ಹೇಳಿ ನಾವು ಯಮುನಕ್ಕನನ್ನು ಹಳಿಯುತ್ತೇವೆ! ಫಣಿಯಮ್ಮನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನಾವುದಿದೆ?

ಆದ್ದರಿಂದ ಈ ಎರಡು ಕೃತಿಗಳನ್ನು ಒಟ್ಟಿಗೇ ಓದಬೇಕು. ದಾಕ್ಷಾಯಣಿಗೆ ಒಬ್ಬ ಫಣಿಯಮ್ಮ ಇದ್ದಳು, ಯಮುನಕ್ಕನಿಗೆ ನಾಣಿಯೊಬ್ಬನೇ. ಇಬ್ಬರಲ್ಲಿ ಯಾರು ಮೇಲು ಎಂಬ ಪ್ರಶ್ನೆಯನ್ನು ಇನ್ನು ನಾನು ತರಗತಿಯಲ್ಲಿ ಕೇಳುವುದಿಲ್ಲ. ಯಮುನಕ್ಕ ಒಂದು ರಾತ್ರಿ ಫಣಿಯಮ್ಮನ ಮನೆಯ ಬಾಗಿಲು ತಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳುತ್ತೇನೆ. ಕಾದಂಬರಿಯನ್ನು ನಿಜವಾಗಿ ಓದಿದವರಿಗೆ ಉತ್ತರ ಕಷ್ಟವಾಗಲಾರದು.