ಅಭಿಮಾನಕ್ಕೆ ಆಧಾರ ಬೇಡವೆ?

ಪ್ರತಿ ನವೆಂಬರಿನಲ್ಲೂ ನಮ್ಮ ರಾಜ್ಯೋತ್ಸವದ ವೇದಿಕೆಯಿಂದ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಎರಡನೆಯ ಶತಮಾನದ ಗ್ರೀಕ್ ನಾಟಕದಲ್ಲೇ ಕನ್ನಡವಿದೆ! ನಾವು ಚಪ್ಪಾಳೆ ತಟ್ಟುತ್ತೇವೆ. ಅದೇ ಮಾತು ಸ್ಮರಣಸಂಚಿಕೆಯಲ್ಲಿ ಅಚ್ಚಾಗುತ್ತದೆ. ಅಲ್ಲಿಂದ ನಮ್ಮ ಮಕ್ಕಳ ಕಾಲೇಜು ಪ್ರಬಂಧಕ್ಕೆ ಹೋಗುತ್ತದೆ. ಕನ್ನಡವರಿಯದ ಅಧ್ಯಾಪಕರು "ಆಧಾರವೇನು?" ಎಂದಾಗ ಮಗು ಏನನ್ನು ತೋರಿಸಬೇಕು? ನಮ್ಮ ಸ್ಮರಣಸಂಚಿಕೆಯನ್ನೆ?

ಸಂಗತಿ ಇಷ್ಟು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿದ್ದ ಗ್ರೀಕ್ ಪ್ರಹಸನವೊಂದನ್ನು ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ ಪ್ರಕಟಿಸಿದರು. ಅದರಲ್ಲಿ ಭಾರತದ ರಾಜನೊಬ್ಬನೂ ಅವನ ಪರಿವಾರವೂ ಗ್ರೀಕ್ ಅಲ್ಲದ ನುಡಿಯೊಂದನ್ನು ಆಡುತ್ತಾರೆ. ಅದು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಷ್ ವಾದಿಸಿದರು. ನಮ್ಮ ಆರ್. ಶಾಮಶಾಸ್ತ್ರಿಗಳು ಅವರನ್ನು ಬೆಂಬಲಿಸಿದರು. 1926ರಲ್ಲಿ ಎಲ್.ಡಿ. ಬಾರ್ನೆಟ್ ಆ ವಾದವನ್ನು ನಿರಾಕರಿಸಿದರು. ಅದು ತುಳುವೆಂದವರೂ ಉಂಟು. ಚರ್ಚೆ ಇನ್ನೂ ಮುಗಿದಿಲ್ಲ.

ನಮ್ಮ ವೇದಿಕೆಯ ಮಾತಿನಲ್ಲಿ ಹುಲ್ಷ್ ಇದ್ದಾರೆ, ಬಾರ್ನೆಟ್ ಇಲ್ಲ. ವಿದ್ವತ್ತಿನ ಬರಹವನ್ನೂ ಜನಪ್ರಿಯ ಬರಹವನ್ನೂ ಬೇರ್ಪಡಿಸಿ ಗುರುತಿಸಲು ಇದೊಂದೇ ಸಾಕು. ಬರೆದವರ ಪದವಿಯಾಗಲಿ ಪುಸ್ತಕದ ದಪ್ಪವಾಗಲಿ ಒರೆಗಲ್ಲಲ್ಲ. ಹುಲ್ಷ್ ಅವರ ವಾದ ತಪ್ಪೇ ಇರಬಹುದು. ಆದರೆ ಯಾವ ಸಾಲನ್ನು ಹೇಗೆ ಓದಿದೆನೆಂದು ಅವರು ತೋರಿಸಿಕೊಟ್ಟರು. ಆದ್ದರಿಂದಲೇ ಇನ್ನೊಬ್ಬರು ಅದನ್ನು ಪರೀಕ್ಷಿಸಿ ಅಲ್ಲಗಳೆಯುವುದು ಸಾಧ್ಯವಾಯಿತು. ಜನಪ್ರಿಯ ಲೇಖನ ಆ ದಾರಿಯನ್ನು ಮುಚ್ಚಿ, ತೀರ್ಮಾನವನ್ನಷ್ಟೇ ನಮ್ಮ ಕೈಗಿಡುತ್ತದೆ. ಹಲ್ಮಿಡಿ ಶಾಸನದ ಮಾತೂ ಹೀಗೆಯೇ. ಆ ಕಲ್ಲಿನಲ್ಲಿ ವರ್ಷ ಕೆತ್ತಿಲ್ಲ. ಕ್ರಿ.ಶ. 450 ಎಂಬುದು ಲಿಪಿ, ಭಾಷೆಗಳನ್ನು ನೋಡಿ ವಿದ್ವಾಂಸರು ಮಾಡಿದ ಅಂದಾಜು. ನಮ್ಮ ಭಾಷಣಗಳಲ್ಲಿ 'ಸುಮಾರು' ಎಂಬ ಪದವೇ ಉದುರಿಹೋಗುತ್ತದೆ.

ಜನಪ್ರಿಯ ಬರಹ ಬೇಡವೆಂದು ನಾವು ಹೇಳುವುದಿಲ್ಲ. ಹೊರನಾಡಿನಲ್ಲಿ ಹುಟ್ಟಿದ ಮಗುವಿಗೆ ಕನ್ನಡದ ರುಚಿ ಹತ್ತಿಸುವುದು ಅದೇ. ಆದರೆ ರುಚಿ ಹತ್ತಿದ ಮಗು ಮೂಲವನ್ನು ಕೇಳಿದಾಗ, "ಎಲ್ಲರಿಗೂ ಗೊತ್ತಿರುವುದೇ" ಎಂದು ಹಿರಿಯರು ಗದರಬಾರದು. ಮೊಬೈಲಿಗೆ ಬಂದ ಸಂದೇಶವನ್ನು ಸಾಕ್ಷ್ಯವೆಂದು ಮುಂದಿಡಲೂಬಾರದು.

ಕನ್ನಡದ ಹಿರಿಮೆಗೆ ಉತ್ಪ್ರೇಕ್ಷೆಯ ಹಂಗಿಲ್ಲ. 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳಲ್ಲಿ ಸಾವಿರಾರು ಶಾಸನಗಳು ಪಾಠಸಮೇತ ಅಚ್ಚಾಗಿವೆ. ಅವುಗಳನ್ನು ತೆರೆಯುವ ಶ್ರಮ ಬೇಡವಾಗಿ ನಾವು ಕೇಳಿದ ಮಾತನ್ನೇ ಹಂಚುತ್ತಿದ್ದೇವೆ. ಬರುವ ಸ್ಮರಣಸಂಚಿಕೆಯಿಂದಲಾದರೂ, ಮೂಲವನ್ನು ಹೇಳದ ಇತಿಹಾಸ ಲೇಖನವನ್ನು ಬರೆದವರಿಗೇ ಹಿಂದಿರುಗಿಸುವ ಧೈರ್ಯ ನಮ್ಮ ಸಂಘಗಳಿಗೆ ಬರಲಿ. ಬರೆದವರು ಅಧ್ಯಕ್ಷರೇ ಆಗಿದ್ದರೂ ಸರಿ.