ಅಂಕಿಯು ಅಭಯವಲ್ಲ

ವ್ಯಾಪಾರದಲ್ಲಿ ಅಂದಾಜು ಬೇರೆ, ವಾಗ್ದಾನ ಬೇರೆ. ಇವೆರಡರ ನಡುವಣ ಗೆರೆಯನ್ನು ಅಳಿಸಿ ಮಾರುವವನು ತೂಕದಲ್ಲಿ ವಂಚಿಸದಿದ್ದರೂ ಮಾತಿನಲ್ಲಿ ವಂಚಿಸಿದಂತೆಯೇ ಸರಿ. ಎಲೆಕ್ಟ್ರಾನಿಕ್ ಉಪಕರಣಗಳ ಮಾರಾಟದಲ್ಲಿ ಈ ದೋಷವು ಗಣಿತದ ವೇಷ ಧರಿಸಿ ಬಂದಿದೆ.

ಯು.ಪಿ.ಎಸ್. ಮೊದಲಾದ ಸಾಧನಗಳ ವಿವರಪತ್ರಿಕೆಗಳಲ್ಲಿ ಎಂ.ಟಿ.ಬಿ.ಎಫ್., ಅಂದರೆ ಎರಡು ವೈಫಲ್ಯಗಳ ನಡುವಣ ಸರಾಸರಿ ಕಾಲ, ಎಂಬ ಅಂಕಿಯಿರುತ್ತದೆ. ಅದು 10 ಲಕ್ಷ ಗಂಟೆ ಎಂದಿಟ್ಟುಕೊಳ್ಳೋಣ. ಭಾಗಿಸಿದರೆ 114 ವರ್ಷ! ಉಪಕರಣವು ಮೊಮ್ಮಕ್ಕಳ ಕಾಲಕ್ಕೂ ಉಳಿಯುವುದೆಂದು ಕೊಳ್ಳುವವರು ಹಿಗ್ಗುತ್ತಾರೆ. ಅದರ ನಿಜಾರ್ಥ ಇಷ್ಟೇ: ಅಂತಹ 1000 ಉಪಕರಣಗಳು ಹಗಲಿರುಳು ನಡೆದರೆ ವರ್ಷಕ್ಕೆ ಸುಮಾರು 9 ಕೆಡಬಹುದು. ಇದು ಸಮೂಹದ ಲೆಕ್ಕವೇ ಹೊರತು ಒಂದರ ಆಯುಷ್ಯವಲ್ಲ.

ಈ ಅಂಕಿಯು ಅನೇಕ ವೇಳೆ ಪರೀಕ್ಷೆಯಿಂದ ಬಂದುದೂ ಅಲ್ಲ. ವಿನ್ಯಾಸದ ಬಿಡಿಭಾಗಗಳ ಪಟ್ಟಿಯನ್ನು ತಂತ್ರಾಂಶಕ್ಕೆ ಒಪ್ಪಿಸಿದರೆ, ಅದು ಪ್ರತಿಯೊಂದಕ್ಕೂ ಕೋಷ್ಟಕದಿಂದ ಒಂದು ವೈಫಲ್ಯ ದರವನ್ನು ತೆಗೆದು, ಉಷ್ಣತೆ, ವಿದ್ಯುತ್ ಹೊರೆ, ಪರಿಸರ, ಗುಣಮಟ್ಟಗಳ ಗುಣಕಗಳಿಂದ ಗುಣಿಸಿ, ಎಲ್ಲವನ್ನೂ ಕೂಡಿಸುತ್ತದೆ. ಈ ಪದ್ಧತಿಯ ಪ್ರಸಿದ್ಧ ಮೂಲವು 1960ರ ದಶಕದಲ್ಲಿ ರೂಢಿಗೆ ಬಂದ ಅಮೆರಿಕದ ಸೇನಾ ಕೈಪಿಡಿ, ಎಂ.ಐ.ಎಲ್.-ಎಚ್.ಡಿ.ಬಿ.ಕೆ.-217. ಅದರ 'ಎಫ್' ಆವೃತ್ತಿ ಹೊರಬಂದದ್ದು 1991ರಲ್ಲಿ. ಅದಕ್ಕೆ ತಿದ್ದುಪಡಿಯಾದದ್ದು 1995ರಲ್ಲಿ. ಆ ಕಾಲದ ಬಿಡಿಭಾಗಗಳ ಅನುಭವದಿಂದ ಇಂದಿನ ಚಿಪ್ಪುಗಳ ಭವಿಷ್ಯ ನುಡಿಯುವುದು ಹಳೆಯ ಪಂಚಾಂಗದಿಂದ ಹೊಸ ವರ್ಷದ ತಿಥಿ ಹೇಳಿದಂತೆ.

ಇನ್ನೊಂದು ದೋಷ ಇದಕ್ಕಿಂತ ಆಳವಾದುದು. ಹೊಸದಕ್ಕೂ ಹತ್ತು ವರ್ಷ ಹಳೆಯದಕ್ಕೂ ಕೆಡುವ ಸಂಭವ ಒಂದೇ ಎಂದು ಈ ಲೆಕ್ಕವು ಭಾವಿಸುತ್ತದೆ. ಆದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರು ಶಾಖಕ್ಕೆ ಒಣಗುತ್ತದೆ; ಬಿಸಿ-ತಂಪುಗಳ ಆವರ್ತನೆಯಿಂದ ಬೆಸುಗೆ ಬಿರುಕು ಬಿಡುತ್ತದೆ. ವಿನ್ಯಾಸಕಾರನ ತಪ್ಪಿಗಾಗಲಿ, ತಂತ್ರಾಂಶದ ದೋಷಕ್ಕಾಗಲಿ ಬಿಡಿಭಾಗಗಳ ಪಟ್ಟಿಯಲ್ಲಿ ಸ್ಥಾನವೇ ಇಲ್ಲ.

ಅಮೆರಿಕದ ಭೂಸೇನೆಯೇ 1990ರ ದಶಕದ ಮಧ್ಯದಲ್ಲಿ ತನ್ನ ಖರೀದಿ ಪತ್ರಗಳಲ್ಲಿ ಈ ಕೈಪಿಡಿಯನ್ನು ಹೆಸರಿಸಕೂಡದೆಂದಿತು. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2015ರ ವರದಿಯೂ ಇದರಲ್ಲಿ ಗಂಭೀರ ನ್ಯೂನತೆಗಳಿವೆ ಎಂದು ಹೇಳಿ, ಭಾಗಗಳು ಕೆಡುವ ಭೌತಿಕ ಕಾರಣಗಳನ್ನು ಅರಸುವ ವಿಧಾನಗಳತ್ತ ಕೈತೋರಿತು. ಮನೆಯವರೇ ಕೈಬಿಟ್ಟ ಅಳತೆಗೋಲನ್ನು ನಾವು ಪೂಜಿಸಬೇಕೇ?

ಎರಡು ವಿನ್ಯಾಸಗಳನ್ನು ತೂಗಿ ನೋಡಲು, ಯಾವ ಭಾಗಕ್ಕೆ ಹೊರೆ ಮಿತಿಮೀರಿದೆಯೆಂದು ಗುರುತಿಸಲು ಇಂತಹ ತಂತ್ರಾಂಶ ನೆರವಾಗುವುದೆಂದು ಕೆಲವರು ವಾದಿಸುತ್ತಾರೆ. ಆಗಲಿ, ಅದು ಕಾರ್ಖಾನೆಯೊಳಗಿನ ಕರಡು ಲೆಕ್ಕ. ಕರಡನ್ನು ಜಮಾಖರ್ಚಿನ ಪಕ್ಕಾ ಪುಸ್ತಕವೆಂದು ಗ್ರಾಹಕನ ಮುಂದಿಡುವ ಹಕ್ಕು ಯಾರಿಗೂ ಇಲ್ಲ.

ಆದುದರಿಂದ ಗೃಹಸ್ಥರೂ ವಿಶ್ವಸ್ತ ಮಂಡಳಿಗಳೂ ಖರೀದಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳಿವು: ಈ ಅಂಕಿ ಲೆಕ್ಕದಿಂದ ಬಂದುದೋ, ಪರೀಕ್ಷೆಯಿಂದಲೋ? ಎಷ್ಟು ಉಷ್ಣತೆಯಲ್ಲಿ? ಮಾರಿದವುಗಳಲ್ಲಿ ಎಷ್ಟು ದುರಸ್ತಿಗೆ ಮರಳಿದವು? ಖಾತರಿ ಎಷ್ಟು ವರ್ಷ? 114 ವರ್ಷದ ಅಂಕಿ ತೋರಿಸಿ ಒಂದೇ ವರ್ಷದ ಖಾತರಿ ಕೊಡುವವನು ತನ್ನ ಅಂಕಿಯನ್ನು ತಾನೆಷ್ಟು ನಂಬಿದ್ದಾನೆಂಬುದನ್ನು ತಾನೇ ಸಾರಿದ್ದಾನೆ.